ಭುವನೇಶ್ವರಿ ಮತ್ತು ಏಳನೆಯ ಅಧ್ಯಾಯ

ವಿಜಯನಗರದ ಮಾರುಕಟ್ಟೆ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಮುದ್ರಣಾಲಯವಿದೆ. ನಮ್ಮದು ಎನ್ನುವುದು ಅಭ್ಯಾಸಬಲ, ಮಾಲೀಕರು ಮಹದೇವ್. ನಾನು ಪಂಚಾಕ್ಷರಿ, ಅಲ್ಲಿ ಕರಡು ತಿದ್ದುವವನು. ವಯಸ್ಸು ಎಪ್ಪತ್ತು ದಾಟಿದೆ. ಕೆಲಸ ಬಿಡು ಎಂದು ಯಾರೂ ಹೇಳಿಲ್ಲ, ಮನೆಯಲ್ಲೇ ಇರಿ ಎಂದು ಹೆಂಡತಿಯೂ ಹೇಳಿಲ್ಲ. ಮನೆಯಲ್ಲಿದ್ದರೆ ಅವಳು ಓದುವ ಪತ್ರಿಕೆಯ ತಪ್ಪುಗಳನ್ನು ಗಟ್ಟಿಯಾಗಿ ಓದಿ ಅವಳ ತಲೆ ತಿನ್ನುತ್ತೇನೆ. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ ಅವಳೇ ಬ್ಯಾಗು ಕೈಗಿಟ್ಟು ಅಟ್ಟುತ್ತಾಳೆ.

ನನ್ನ ಪಕ್ಕದ ಮೇಜು ಭುವನೇಶ್ವರಿಯದು. ಇಪ್ಪತ್ತನಾಲ್ಕು ವರ್ಷದಿಂದ ಅದೇ ಮೇಜು, ಅದೇ ಸವೆದ ಕುಶನ್ನಿನ ಕುರ್ಚಿ. ಮಾಗಡಿ ಕಡೆಯ ಹುಡುಗಿ. ಹುಡುಗಿ ಎಂದೆ, ಈಗ ಅವಳಿಗೂ ನಲವತ್ತೊಂಬತ್ತು. ಗಂಡ ಲಿಂಗಪ್ಪ ಸಿಟಿ ಬಸ್ ಓಡಿಸುತ್ತಾನೆ. ಮನೆ ಕಾಮಾಕ್ಷಿಪಾಳ್ಯದಲ್ಲಿ. ಕೀಲಿಮಣೆಯ ಕಡೆ ನೋಡದೆ, ಹಸ್ತಪ್ರತಿಯ ಕಡೆ ಅರೆಗಣ್ಣು ಇಟ್ಟುಕೊಂಡು, ನನ್ನ ಜೊತೆ ಊರ ಸುದ್ದಿ ಮಾತಾಡುತ್ತಲೇ ಗಂಟೆಗೆ ಹನ್ನೆರಡು ಪುಟ ಬೆರಳಚ್ಚು ಮಾಡುತ್ತಾಳೆ. ಮದುವೆಯ ಕರೆಯೋಲೆಯಾಗಲಿ, ತೀರಿಕೊಂಡವರ ಶಿವಗಣಾರಾಧನೆಯ ಪತ್ರಿಕೆಯಾಗಲಿ, ಮುಖದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. "ನೀನು ಏನು ಟೈಪ್ ಮಾಡ್ತಾ ಇದ್ದೀಯ ಅಂತ ನಿನಗೆ ಗೊತ್ತಾ?" ಎಂದು ರೇಗಿಸಿದರೆ, "ಕೈಗೆ ಗೊತ್ತಿದೆ ಸಾರ್, ಸಾಲದಾ?" ಎನ್ನುತ್ತಾಳೆ. ಇದು ನಮ್ಮ ಕಸುಬಿನ ರೋಗ. ನನಗೂ ಇದೆ. ನಾನು ಸಾವಿರಾರು ಪುಸ್ತಕ ತಿದ್ದಿದ್ದೇನೆ. ಒಂದರ ಕಥೆಯನ್ನೂ ಕೇಳಬೇಡಿ. ಒತ್ತಕ್ಷರ ತಪ್ಪಿದ್ದರೆ ಮಾತ್ರ ಪುಟದ ಸಮೇತ ಹೇಳಬಲ್ಲೆ.

ಅವಳ ಅತ್ತೆ ಪಾರವ್ವ. ಇಳಕಲ್ಲಿನ ಹತ್ತಿರದ ಊರಿನವರು, ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಬಿನ್ನಿಪೇಟೆಯ ಗಿರಣಿ ಕಾರ್ಮಿಕನ ಹೆಂಡತಿಯಾಗಿ ಬಂದವರು. ಅತ್ತೆ ಬಿಜಾಪುರದ ಕಡೆಯ ಜೋಳದ ರೊಟ್ಟಿ, ಸೊಸೆ ಮಾಗಡಿಯ ರಾಗಿ ಮುದ್ದೆ; ಇವರಿಬ್ಬರ ಜಗಳ ನೋಡಲು ಕಾದಿದ್ದ ನಮಗೆಲ್ಲ ನಿರಾಸೆಯಾಯಿತು. ಪಾರವ್ವ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಸೊಸೆ ಉಣ್ಣುವವರೆಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಉಂಡ ಮೇಲೆ ಇನ್ನೂ ಅರ್ಧ ಗಂಟೆ ಬಿಡುವು ಇರುತ್ತಿತ್ತಲ್ಲ, ಆಗ ತಮ್ಮ ಬದುಕಿನ ಕಥೆ ಹೇಳುತ್ತಿದ್ದರು, ಸೊಸೆ ಟೈಪು ಮಾಡುತ್ತಿದ್ದಳು. ಕತೆ ಕೇಳುವವರು ಹ್ಞೂಂ ಅನ್ನಬೇಕು ಎಂಬುದು ಅವರ ಕಟ್ಟಳೆ. ಹ್ಞೂಂ ಬರದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. "ಏನ, ಗ್ವಾಡಿಗೆ ಹೇಳ್ಲೇನ?" ಎಂದು ಸೊಸೆಯನ್ನು ನೋಡುತ್ತಿದ್ದರು.

ಹೀಗೆ ಆರು ಅಧ್ಯಾಯವಾಯಿತು. ಏಳನೆಯದು ಬಂದದ್ದು ಒಂದು ಬಂದ್ ದಿನ. ಬಸ್ಸಿಲ್ಲ, ಗಿರಾಕಿಯಿಲ್ಲ, ಶಟರ್ ಅರ್ಧ ಎಳೆದು ಅತ್ತೆ, ಸೊಸೆ, ನಾನು ಮೂವರೇ ಒಳಗಿದ್ದೆವು; ನಾನು ಬೇರೊಂದು ಕರಡಿನಲ್ಲಿ ಮುಳುಗಿದ್ದೆ. ಪಾರವ್ವ ಅಷ್ಟು ದೂರ ನಡೆದೇ ಡಬ್ಬಿ ತಂದಿದ್ದರು. ಅವತ್ತು ಹನ್ನೆರಡೂವರೆಗೆ ಶುರು ಮಾಡಿದವರು ಸಂಜೆ ಐದೂವರೆಯವರೆಗೆ ಹೇಳಿದರು. ಭುವನೇಶ್ವರಿ ಹ್ಞೂಂ ಅನ್ನುತ್ತಾ ಟೈಪು ಮಾಡಿದಳು. ಒಂದು ಪ್ಯಾರಾ ಕೂಡ ಒಡೆಯದೆ ಅರವತ್ತು ಪುಟ. ಮರುವಾರ ನಾನು ಕರಡು ತಿದ್ದಿಕೊಟ್ಟೆ. ಮನೆಯವರಿಗಾಗಿ ಐವತ್ತು ಪ್ರತಿ ಹಾಕಿಕೊಡುತ್ತೇನೆ ಎಂದ ಮಹದೇವ್, ಮದುವೆ ಸೀಸನ್ ಮುಗಿಯಲಿ ಎಂದರು. ಮದುವೆ ಸೀಸನ್ನುಗಳು ಹನ್ನೆರಡು ಮುಗಿದವು.

ಈಗ ಪಾರವ್ವನಿಗೆ ಎಂಬತ್ತನಾಲ್ಕು. ಒಂದು ವರ್ಷದಿಂದ ನೆನಪು ಕೈಕೊಡುತ್ತಿದೆ. ಮಗನನ್ನು ಕೆಲವು ಸಲ ಗಂಡ ಎಂದುಕೊಳ್ಳುತ್ತಾರೆ. ಅದಕ್ಕೆಲ್ಲ ಮನೆಯವರು ಒಗ್ಗಿಕೊಂಡಿದ್ದರು. ಒಗ್ಗದ್ದು ಒಂದೇ. ಪಾರವ್ವನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಹೆಣ್ಣುಮಗು ಹುಟ್ಟಿ ತೀರಿಕೊಂಡಿತ್ತು, ಲಿಂಗಪ್ಪ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಈ ಯುಗಾದಿಯ ನಂತರ ದಿನಾ ಸಂಜೆ ದೀಪ ಹಚ್ಚುತ್ತಿದ್ದಂತೆ ಅವರು ಕೇಳತೊಡಗಿದರು: "ಭುವನಾ, ಆ ಕೂಸಿನ ಹೆಸರ ಏನಿತ್ತ?"

ಲಿಂಗಪ್ಪನಿಗೆ ಗೊತ್ತಿಲ್ಲ. ಗೊತ್ತಿರಬಹುದಾಗಿದ್ದ ಮಾವ ತೀರಿಕೊಂಡು ಎಷ್ಟೋ ವರ್ಷ. ಊರ ಕಡೆಯ ಒಬ್ಬಿಬ್ಬರು ಮುದುಕಿಯರಿಗೆ ಫೋನು ಮಾಡಿದರೆ, ಮಗು ಹುಟ್ಟಿದ್ದೇ ಅವರಿಗೆ ನೆನಪಿಲ್ಲ. ಹೆಸರು ಸಿಗದೆ ಪಾರವ್ವ ರಾತ್ರಿಯ ರೊಟ್ಟಿ ಮುಟ್ಟುತ್ತಿರಲಿಲ್ಲ. ತಟ್ಟೆಯನ್ನು ಸರಿಸಿ, "ತಾಯಿ ಆಗಿ ಹೆಸರ ಮರೆತೆ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಸಂಜೆ ಭುವನೇಶ್ವರಿ ಸುಳ್ಳು ಹೇಳಿದಳು. "ಗೌರವ್ವ ಅಲ್ವಾ ಅತ್ತೆ?" ಎಂದಳು. ಪಾರವ್ವ ಅವಳನ್ನೇ ನೋಡಿ, "ಅಲ್ಲ" ಎಂದು ಮಗುವಿನ ಹಾಗೆ ಅತ್ತುಬಿಟ್ಟರಂತೆ. ಹೆಸರು ನೆನಪಿಲ್ಲ, ಆದರೆ ಕೇಳಿದರೆ ಗುರುತು ಹಿಡಿಯುತ್ತಾರೆ ಎಂದು ಅವತ್ತು ಗೊತ್ತಾಯಿತು. ಎರಡು ತಿಂಗಳಲ್ಲಿ ಅವರ ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದರು.

"ಆ ಬಂದ್ ದಿನ ಹೇಳಿದ್ರು ಸಾರ್" ಎಂದಳು ಭುವನೇಶ್ವರಿ ನನಗೆ. "ಮಗು ವಿಷಯ ಅವತ್ತೇ ಹೇಳಿದ್ದು, ಅಷ್ಟು ಚೆನ್ನಾಗಿ ಗೊತ್ತು. ಹೆಸರು ಹೇಳಿರ್ತಾರೆ. ನಾನೇ ಟೈಪ್ ಮಾಡಿರ್ತೀನಿ. ನೀವೂ ಓದಿದ್ದೀರಲ್ಲ, ನೆನಪಿದೆಯಾ?"

ನಾನು ತಲೆ ತಗ್ಗಿಸಿದೆ. ನನಗೆ ಆ ಅಧ್ಯಾಯದಲ್ಲಿ ನೆನಪಿದ್ದದ್ದು ಒಂದೇ ಪದ, 'ತೊಟ್ಟಿಲಕ್ಕ'. ಅದನ್ನು 'ತೊಟ್ಟಿಲಿಗೆ' ಎಂದು ಮಾಡು ಎಂದು ನಾನು, ಅತ್ತೆ ಹೇಳಿದ ಹಾಗೇ ಇರಲಿ ಎಂದು ಅವಳು, ಒಂದು ದಿನವೆಲ್ಲ ಜಗಳವಾಡಿದ್ದೆವು. ಕರಡು ಕಾಗದ ಯಾವತ್ತೋ ರದ್ದಿಗೆ ಹೋಗಿತ್ತು.

ಫೈಲು ಮಾತ್ರ ಉಳಿದಿತ್ತು. ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಡೊಂಕು ಗೆರೆ. ಅದಕ್ಕೆ ಕಾರಣ ಶ್ರೀಶೈಲ. ನಮ್ಮಲ್ಲೇ ಆಪರೇಟರ್ ಆಗಿದ್ದ ಬಾಗಲಕೋಟೆಯ ಹುಡುಗ. ಪಾರವ್ವನ ಮಾತಿನ ಎಳೆತಗಳು ಇದ್ದಂತೆಯೇ ಅಚ್ಚಾಗಬೇಕು ಎಂದು ಹಳೆಯ ಫಾಂಟಿಗೆ ತಾನೇ ಒಂದಷ್ಟು ಅಕ್ಷರ ಕೂಡಿಸಿಕೊಟ್ಟಿದ್ದ. ಆ ಫಾಂಟು ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋಯಿತು. ಹಳೆಯ ಅಕ್ಷರಗಳನ್ನು ಈಗಿನ ಯೂನಿಕೋಡಿಗೆ ತಿರುಗಿಸುವ ಸಣ್ಣ ಪ್ರೋಗ್ರಾಂ ಒಂದನ್ನೂ ಅವನು ಬರೆದಿದ್ದ. ಕೆಲಸ ಬಿಡುವ ಮುನ್ನ ಇಮೇಲಿನಲ್ಲಿ ಕಳಿಸಿದ್ದು ಅದೃಷ್ಟಕ್ಕೆ ಸಿಕ್ಕಿತು. ಆದರೆ ಅದು ಬರೀ ಮಾತನ್ನು ಮಾತ್ರ ತಿರುಗಿಸುತ್ತದೆ. ನಡುವೆ ಪುಟದ ಗುರುತೋ, ಅಂಚಿನ ಅಳತೆಯೋ ಸಿಕ್ಕಿದರೆ ಅಲ್ಲೇ ಸತ್ತು ಬೀಳುತ್ತದೆ. ನಮ್ಮ ಫೈಲಿನ ತುಂಬ ಅಂಥ ಗುರುತುಗಳೇ.

ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ಭುವನೇಶ್ವರಿ ಮಾತ್ರ, ತನ್ನ ಮಗಳು ತನ್ಮಯಿ ಡಿಪ್ಲೊಮಾದಲ್ಲಿ ಓದಿ ಬಿಸಾಕಿದ್ದ ಪ್ರೋಗ್ರಾಮಿಂಗ್ ಪುಸ್ತಕ ತಂದು, ರಟ್ಟು ಹಾಕಿ, ಮೇಜಿನ ಮೇಲಿಟ್ಟುಕೊಂಡಳು. ಪ್ರತಿ ಪುಟಕ್ಕೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಳು. ನಾನು ನಗಾಡಿದೆ, ತಪ್ಪಾಯಿತು. ಒಂದೂವರೆ ತಿಂಗಳಲ್ಲಿ ಅವಳು ಪ್ರೋಗ್ರಾಂ ಬರೆಯುವುದನ್ನು ಕಲಿತಳು, ಮದುವೆ ಕಾರ್ಡುಗಳ ನಡುವೆ.

ಅವಳ ಉಪಾಯವನ್ನು ನನಗೆ ಹೇಳಿದ್ದು ಹೀಗೆ. ಅವಳು ಬರೆಯುವುದು ತಾಯಿ ಪ್ರೋಗ್ರಾಂ. ಅದು ಫೈಲನ್ನು ತೆರೆದು, ಪುಟದ ಗುರುತುಗಳನ್ನು ಒಂದು ಕಡೆ ಎತ್ತಿಟ್ಟು, ಬರೀ ಮಾತನ್ನು ತುಂಡು ತುಂಡಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಶ್ರೀಶೈಲನ ಹಳೆಯ ಪ್ರೋಗ್ರಾಮನ್ನು ತಾನೇ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಹಾಗೆ ಎಬ್ಬಿಸಿದ್ದಕ್ಕೆ ಪುಸ್ತಕದಲ್ಲಿ ಮಗು ಎಂದೇ ಹೆಸರು. ತಾಯಿಗೂ ಮಗುವಿಗೂ ನಡುವೆ ಎರಡು ಪೈಪು. ಒಂದರಲ್ಲಿ ಹಳೆಯ ಅಕ್ಷರ ಹೋಗುತ್ತದೆ, ಇನ್ನೊಂದರಲ್ಲಿ ಹೊಸ ಅಕ್ಷರ ಬರುತ್ತದೆ. ಬಂದದ್ದನ್ನು ತಾಯಿ ಅದರದರ ಜಾಗದಲ್ಲಿ ಕೂಡಿಸುತ್ತದೆ.

"ಮೊದಲನೇ ದಿನ ಏನೂ ಬರಲೇ ಇಲ್ಲ ಸಾರ್" ಎಂದಳು. "ನಾನು ಎಲ್ಲಾ ಕೊಟ್ಟಿದ್ದೀನಿ, ಮಗು ಇನ್ನೂ ಬರುತ್ತೆ ಅಂತ ಕಾಯ್ತಾ ಇದೆ. ಹೇಳಿ ಮುಗೀತು ಅಂತ ನಮ್ಮ ಕಡೆ ಪೈಪನ್ನ ನಾವೇ ಮುಚ್ಚಬೇಕಂತೆ. ಮುಚ್ಚಿದೆ, ಬಂತು."

ಬಂತು, ನಿಜ. ಮೊದಲ ಆರು ಅಧ್ಯಾಯ ಒಂದೊಂದೇ ಕನ್ನಡವಾಗಿ ಪರದೆ ಮೇಲೆ ಮೂಡಿದವು. ಪಾರವ್ವನ ಮದುವೆ, ಗಿರಣಿಯ ಸೈರನ್ನು, ವಠಾರದ ನಲ್ಲಿ ಜಗಳ. ಮಹದೇವ್ ತಿಂಡಿ ತರಿಸಿದರು. ಆಮೇಲೆ ಏಳನೆಯದನ್ನು ಕೊಟ್ಟಳು. ಪರದೆಯ ಮೂಲೆಯಲ್ಲಿ ಸಣ್ಣ ಗೆರೆ ಮಿನುಗುತ್ತಾ ಕೂತಿತು. ಒಂದು ಗಂಟೆ, ಎರಡು ಗಂಟೆ, ಸಂಜೆಯಾಯಿತು.

"ದೊಡ್ಡ ಅಧ್ಯಾಯ ಅಲ್ವಾ, ಹೊತ್ತು ಹಿಡಿಯುತ್ತೆ" ಎಂದಳು. ಕಂಪ್ಯೂಟರಿಗೆ 'ಯಾರೂ ಆಫ್ ಮಾಡಬೇಡಿ' ಎಂದು ಚೀಟಿ ಅಂಟಿಸಿ ಮನೆಗೆ ಹೋದಳು. ಮರುದಿನವೂ ಗೆರೆ ಮಿನುಗುತ್ತಿತ್ತು. ಅದರ ಮರುದಿನವೂ.

ಮೂರನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. "ನಿಲ್ಲಿಸಿ ನೋಡಬಾರದಾ ಅದನ್ನ? ಅಲ್ಲಿ ಮುದುಕಿ ಊಟ ಬಿಟ್ಟು ಮಲಗಿದ್ದಾರೆ" ಎಂದೆ.

"ಕೆಲಸ ಮಾಡ್ತಾ ಇದೆ ಪಾಪ. ಅರ್ಧಕ್ಕೆ ಎಬ್ಬಿಸಬಾರದು ಸಾರ್."

ಅವಳ ಸ್ವಭಾವವೇ ಹಾಗೆ. ಉಣ್ಣುವವರನ್ನು ಎಬ್ಬಿಸುವುದಿಲ್ಲ, ಮಾತಾಡುವವರ ನಡುವೆ ಬಾಯಿ ಹಾಕುವುದಿಲ್ಲ, ಒಲೆಯ ಮೇಲಿಟ್ಟದ್ದನ್ನು ಮತ್ತೆ ಮತ್ತೆ ತೆರೆದು ನೋಡುವುದಿಲ್ಲ. ಒಳ್ಳೆಯತನದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ, ಆದರೂ ಮಾಡಿಕೊಂಡೆ. "ಶ್ರೀಶೈಲನನ್ನೇ ಕೇಳೋಣ, ನಡಿ" ಎಂದೆ.

ಶ್ರೀಶೈಲ ಕೆಂಗೇರಿಯಲ್ಲಿ ಖಾನಾವಳಿ ಇಟ್ಟಿದ್ದ. ಪ್ರೋಗ್ರಾಂ ಬರೆಯುವ ಬುದ್ಧಿಯನ್ನು ಹೋಗಿ ಹೋಗಿ ಎಣ್ಣೆಗಾಯಿ ಪಲ್ಯಕ್ಕೆ ಸುರಿದನಲ್ಲ ಎಂದು ನಾನು ಬೈದುಕೊಳ್ಳುತ್ತಿದ್ದೆ. ಅವನ ಪಲ್ಯ ತಿಂದ ಮೇಲೆ ಬೈಯುವುದನ್ನು ಬಿಟ್ಟೆ. ಮರುದಿನ ಮೆಟ್ರೊ ಹತ್ತಿ ಇಬ್ಬರೂ ಹೋದೆವು. ಅವಳ ಪ್ರೋಗ್ರಾಮನ್ನು ಕಾಗದದ ಮೇಲೆ ಅಚ್ಚು ಹಾಕಿಕೊಂಡಿದ್ದಳು. ದಾರಿಯಲ್ಲಿ ನಾನೂ ಅದನ್ನು ಓದಿದೆ, ಅಕ್ಷರದೋಷ ಒಂದೂ ಇರಲಿಲ್ಲ.

ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಶ್ರೀಶೈಲ ಕೈ ಒರೆಸಿಕೊಂಡು ಬಂದು ಕೂತ. ಮೊದಲು ತನ್ನ ಹಳೆಯ ಪ್ರೋಗ್ರಾಮಿನ ಬಗ್ಗೆ ಕೈಮುಗಿದ. "ಅದರ ಮೂಲ ಪ್ರತಿ ನನ್ನ ಕಡೆ ಇಲ್ಲ ಅಕ್ಕಾರ. ನಾನ ಬರದದ್ದಂತ ನನಗ ನಂಬಿಕಿ ಬರವಲ್ದು." ಆಮೇಲೆ ಅವಳ ಹಾಳೆಯನ್ನು ಓದಿದ. ಬೆರಳು ಒಂದು ಕಡೆ ನಿಂತಿತು.

"ಇಲ್ನೋಡ್ರಿ. ಮಗೂಗ ಎಲ್ಲಾ ಕೊಟ್ರಿ. ನಿಮ್ಮ ಕಡಿ ಪೈಪ್ ಮುಚ್ಚಿದ್ರಿ, ಛಲೋ ಆತು. ಆಮ್ಯಾಲ ಅದು ಪೂರಾ ಮುಗಸೂತನ ಸುಮ್ಮ ಕುಂತ್ರಿ. ಮುಗಿದ ಮ್ಯಾಲ ಒಮ್ಮಿಗೇ ಕೇಳೋದಂತ."

"ಹೌದು. ಅದು ಹೇಳ್ತಾ ಇರುವಾಗ ಮಧ್ಯ ಕೈ ಹಾಕಬಾರದು ಅಲ್ವಾ?"

"ಪೈಪಿನ್ಯಾಗ ಹಿಡಿಯೋದ ಇಷ್ಟ ರೀ" ಎಂದು ಶ್ರೀಶೈಲ ಎರಡು ಬೊಗಸೆ ತೋರಿಸಿದ. "ಸಣ್ಣ ಅಧ್ಯಾಯ ಇದ್ರ ಪೂರಾ ಅದರಾಗ ಹಿಡಸ್ತೈತಿ, ಮಗು ಹೇಳಿ ಮುಗಸ್ತೈತಿ. ಇದು ಅರವತ್ತ ಪುಟ, ಒಂದ ತುಂಡು. ಪೈಪ್ ತುಂಬಿದ ಕೂಡ್ಲೆ ಮಗು ನಿಂದರತೈತಿ. ಈ ತುದಿಗೆ ಯಾರರ ತಗೊಂಡ್ರ ಮುಂದಿಂದು ಹೇಳ್ತೈತಿ. ಅದು ಮುಗಸಲಿ ಅಂತ ನೀವು ಕಾಯಾಕತ್ತೀರಿ. ನೀವು ತಗೊಳ್ಳಲಿ ಅಂತ ಅದು ಕಾಯಾಕತ್ತೈತಿ."

"ಹಾಗಾದ್ರೆ ಈ ಮೂರು ದಿನ..."

"ಮೂರ ವರ್ಷ ಕುಂತ್ರೂ ಅಷ್ಟ ರೀ. ನಿಮ್ಮತ್ತಿಯಾರು ಕತಿ ಹೇಳುವಾಗ ಹ್ಞೂಂ ಅನ್ನಲಿಲ್ಲಂದ್ರ ನಿಲ್ಲಸ್ತಿದ್ರಲ್ಲ, ಹಂಗ. ಅದು ಹೇಳ್ತಿರುವಾಗನ ನೀವು ತಗೋತ ಹೋಗಬೇಕು."

ಹಾಳೆಯ ಹಿಂದೆ ನಾಲ್ಕು ಸಾಲು ಬರೆದುಕೊಟ್ಟ. ನಮ್ಮಿಬ್ಬರಿಗೂ ಬಲವಂತ ಮಾಡಿ ರೊಟ್ಟಿ ಬಡಿಸಿದ. ಪಾರವ್ವನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟ.

ವಾಪಸು ಬರುವಾಗ ಮೆಟ್ರೊದಲ್ಲಿ ಕೂರಲು ಜಾಗ ಸಿಕ್ಕಿತ್ತು. ಭುವನೇಶ್ವರಿ ಹೋಳಿಗೆಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾಯಂಡಹಳ್ಳಿ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಸಾರ್, ನಾನು ಅವತ್ತು ಹ್ಞೂಂ ಅಂದಿದ್ದೆ. ಐದು ಗಂಟೆ ಹೊತ್ತು ಹ್ಞೂಂ ಅಂದಿದ್ದೆ. ನಾನು ಕೇಳಿಸ್ಕೊತಾ ಇದೀನಿ ಅಂದ್ಕೊಂಡು ಅವರು ಹೇಳ್ತಾ ಹೋದ್ರು. ನಾನು ಕೇಳಿಸ್ಕೊಂಡೇ ಇರಲಿಲ್ಲ."

ನಾನು ಓದದೆಯೇ ಓದಿದವನು, ಅವಳಿಗೆ ಸಮಾಧಾನ ಹೇಳುವ ಯೋಗ್ಯತೆ ನನಗೆಲ್ಲಿಯದು? ಆ ಹೆಣ್ಣುಮಗಳ ಮೇಲೆ ನನಗಿರುವ ಅಕ್ಕರೆ ಎಷ್ಟೆಂದು ಅವತ್ತೇ ನನಗೆ ತಿಳಿದದ್ದು. ವಿಜಯನಗರ ಬಂತು, ಇಳಿದೆವು.

ಮುದ್ರಣಾಲಯಕ್ಕೆ ಬಂದವಳೇ ಚೀಟಿ ಕಿತ್ತು, ಮೂರು ದಿನದಿಂದ ಕಾಯುತ್ತಿದ್ದ ಪ್ರೋಗ್ರಾಮನ್ನು ನಿಲ್ಲಿಸಿದಳು. ನಾಲ್ಕು ಸಾಲು ಬದಲಿಸಿದಳು. ಮಗು ಹೇಳಿದ್ದನ್ನು ತಾಯಿ ಬಂದಂತೆಲ್ಲ ತೆಗೆದುಕೊಳ್ಳುವ ಹಾಗೆ ಮಾಡಿದಳು. ಗುಂಡಿ ಒತ್ತಿದಳು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅರವತ್ತು ಪುಟ ಮುಗಿದಿತ್ತು.

ಅವಳು ನೇರವಾಗಿ ಹೆಸರು ಹುಡುಕಲಿಲ್ಲ. ಮೊದಲ ಸಾಲಿನಿಂದ ಓದಲು ಶುರು ಮಾಡಿದಳು. ಮಹದೇವ್ ಬಂದು ನಾಳೆಯ ಗೃಹಪ್ರವೇಶದ ಕಾರ್ಡು ಎಂದರು. ನಾನು ಕೈಸನ್ನೆ ಮಾಡಿ ಕಳಿಸಿದೆ. ಅವಳ ಕುರ್ಚಿಯ ಹಿಂದೆ ನಿಂತು ನಾನೂ ಓದಿದೆ, ಕೈಯಲ್ಲಿ ಪೆನ್ಸಿಲಿಲ್ಲದೆ. ನಲವತ್ತೊಂದನೆಯ ಪುಟದಲ್ಲಿ ಅದು ಇತ್ತು.

'ಒಂಬತ್ತನೇ ದಿನಾ ಹೋತು ಕೂಸು. ಇನ್ನ ತೊಟ್ಟಿಲಕ್ಕ ಹಾಕಿದ್ದಿಲ್ಲ. ಹೆಸರಿಲ್ಲದ ಕೂಸಿಗೆ ಭಾಳ ಅಳಬಾರದು ಅಂದ್ರು ಹಿರ್ಯಾರು. ಹೆಸರ ಇತ್ತು. ನನ್ನ ಮನಸಿನ್ಯಾಗ ಇತ್ತು. ತೊಟ್ಟಿಲಕ್ಕ ಹಾಕೂ ಮೊದಲ ಬಾಯಾಗ ತರಬಾರದಂತ ಹೇಳಿದ್ದಿಲ್ಲ. ಆಮ್ಯಾಲ ಹೇಳಿ ಏನ ಮಾಡೂದು? ನಮ್ಮನಿಯವರಿಗೂ ಹೇಳಲಿಲ್ಲ. ಲಿಂಗಪ್ಪಗೂ ಹೇಳಿಲ್ಲ. ಇವತ್ತ ನಿನಗ ಹೇಳ್ತೀನಿ ಭುವನಾ. ಅಕ್ಕವ್ವ. ಮುಂದ ಹುಟ್ಟೋರಿಗೆಲ್ಲ ಅಕ್ಕ ಆಗ್ತಾಳಂತ ಅಕ್ಕವ್ವ. ಬರಕೊಂಡೇನ?'

ಆ 'ಬರಕೊಂಡೇನ' ಎಂಬುದನ್ನೂ ಭುವನೇಶ್ವರಿಯ ಬೆರಳುಗಳು ಬರೆದುಕೊಂಡಿದ್ದವು. ಐವತ್ತಕ್ಕೂ ಹೆಚ್ಚು ವರ್ಷ ಪಾರವ್ವ ಒಬ್ಬರೇ ಹೊತ್ತಿದ್ದ ಹೆಸರನ್ನು ಒಂದು ಸಲ, ಒಬ್ಬಳಿಗೆ ಹೇಳಿದ್ದರು. ಅದೇ ಸಾಲುಗಳ ನಡುವೆ 'ತೊಟ್ಟಿಲಕ್ಕ' ಇತ್ತು. ಅದರ ಮೇಲೆ ನಾನು ಒಂದು ದಿನ ಜಗಳವಾಡಿದ್ದೆ, ಪಕ್ಕದ ಮಾತನ್ನು ನೋಡಿರಲಿಲ್ಲ. ನಾಚಿಕೆಯಾಯಿತು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಭುವನೇಶ್ವರಿ ಚೀಲ ಎತ್ತಿಕೊಂಡು ಹೊರಟಳು. ಕರೆಯದಿದ್ದರೂ ನಾನು ಹಿಂದೆಯೇ ಹೋದೆ. ಕಾಮಾಕ್ಷಿಪಾಳ್ಯದಲ್ಲಿ ಇಳಿದು, ಹೊಲಿಗೆ ಯಂತ್ರಗಳ ಸದ್ದಿನ ಓಣಿ ದಾಟಿ ಮನೆ ತಲುಪುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು.

ಪಾರವ್ವ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ, ಯಾರೋ ಎಂದುಕೊಂಡು ಸೆರಗು ಸರಿಮಾಡಿಕೊಂಡರು. ಸೊಸೆ ದೀಪ ಹಚ್ಚಿ ತಿರುಗುತ್ತಿದ್ದಂತೆ, ದಿನದಂತೆ ಕೇಳಿದರು. "ಭುವನಾ, ಆ ಕೂಸಿನ ಹೆಸರ ಏನಿತ್ತ?"

ಭುವನೇಶ್ವರಿ ಮಂಚದ ಪಕ್ಕ ಮಂಡಿಯೂರಿ, ಅವರ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. "ಅಕ್ಕವ್ವ."

ಪಾರವ್ವನ ತುಟಿ ಆಡಿತು. ಸದ್ದಿಲ್ಲದೆ ಒಮ್ಮೆ, ಸದ್ದು ಮಾಡಿ ಒಮ್ಮೆ, ಆ ಹೆಸರು ಹೇಳಿಕೊಂಡರು. ಆಮೇಲೆ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕಡೆ ತಿರುಗಿಸಿದರು.

"ನಿನಗ ಯಾರ ಹೇಳಿದ್ರ?"

"ನೀವೇ ಹೇಳಿದ್ರಿ ಅತ್ತೆ."

"ಇಲ್ಲ. ನಾ ಯಾರಿಗೂ ಹೇಳಿಲ್ಲ."

ಭುವನೇಶ್ವರಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪಾರವ್ವ ಹೆಬ್ಬೆರಳಿನಿಂದ ಅದನ್ನು ಒರೆಸಿದರು.

"ಹೇಳಿದ್ರ ನಿನಗ ಹೇಳಿರಬೇಕ ಬಿಡು" ಎಂದರು. "ಮತ್ಯಾರಿಗೆ ಹೇಳ್ಲಿ?"